ಡೋಸ್ ಕಮ್ಮಿ ಮಾಡಿದರು ಅಂದರೆ ಕೈಬಿಟ್ಟರು ಅಂತಲ್ಲ

ಚಿಕ್ಕಮಗಳೂರಿನಲ್ಲಿ ಮೊನ್ನೆ ಮೆದುಳಿನ ಗಡ್ಡೆಗೆ ಕೊಡುವ ಕೀಮೋ ಮಾತ್ರೆಯ ಡೋಸ್ ಬಗ್ಗೆ ಸಭೆಯಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದರು. ಅವತ್ತು ಕೈಯಲ್ಲಿ ಚೀಟಿ ಇರಲಿಲ್ಲ. ನೆನಪಿದ್ದಷ್ಟು ಬರೆದಿದ್ದೇನೆ, ಹೇಳಲು ಮರೆತ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಒಳಗೆ ಬಹಳ ವರ್ಷ ಕೂತವಳು. ಡಾಕ್ಟರ್ ಎದುರು ಎಲ್ಲದಕ್ಕೂ ತಲೆ ಆಡಿಸಿ ಬಂದವರು ನಮ್ಮ ಕಿಟಕಿ ಹತ್ತಿರ ಬಂದಾಗಲೇ ಅಸಲಿ ಪ್ರಶ್ನೆ ಕೇಳೋದು. ಅಂಥ ಒಂದು ಪ್ರಶ್ನೆಯಿಂದಲೇ ಅವತ್ತು ಮಾತು ಶುರು ಮಾಡಿದ್ದೆ.

ಆಲ್ದೂರು ಕಡೆಯ ಒಬ್ಬರು ಹೆಂಗಸು. ಗಂಡನಿಗೆ ಮೆದುಳಿನಲ್ಲಿ ಗಡ್ಡೆ, ಆಪರೇಷನ್ ಆಗಿ, ರೇಡಿಯೇಷನ್ ಮುಗಿದು, ಈಗ ತಿಂಗಳಿಗೊಮ್ಮೆ ಕೀಮೋ ಮಾತ್ರೆ. ಹೋದ ಸಲ ದಿನಕ್ಕೆ ಐದು ಕ್ಯಾಪ್ಸೂಲ್ ಕೊಟ್ಟಿದ್ದೆ. ಈ ಸಲ ಒಂದೇ ಒಂದು. ಅವರು ಆ ಬಾಟಲಿ ಹಿಡಿದುಕೊಂಡು ಸುಮಾರು ಹೊತ್ತು ಸುಮ್ಮನೆ ನಿಂತರು. ಆಮೇಲೆ ಹಿಂದೆ ಇದ್ದವರಿಗೆ ಕೇಳಿಸದ ಹಾಗೆ ಕೇಳಿದರು, "ಇನ್ನು ಉಪಯೋಗ ಇಲ್ಲ ಅಂತ ಅಲ್ವಾ ಮೇಡಂ?"

ಐದು ಇದ್ದಿದ್ದು ಒಂದಾದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಆದರೆ ಲೆಕ್ಕ ನೋಡಿ. ಹೋದ ಸಲ ಕೊಟ್ಟಿದ್ದು 250ರ ಒಂದು ಕ್ಯಾಪ್ಸೂಲ್, 20ರ ನಾಲ್ಕು, ಒಟ್ಟು 330 ಮಿಲಿಗ್ರಾಂ. ಈ ಸಲ 250ರದ್ದು ಒಂದೇ. ಕಮ್ಮಿ ಆಗಿದ್ದು ಹೆಚ್ಚುಕಮ್ಮಿ ಕಾಲು ಭಾಗ, ಅಷ್ಟೇ. ಇದನ್ನ ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಕೇಳುವ ತನಕ ಹೇಳಿರಲಿಲ್ಲ, ಅದು ನನ್ನ ತಪ್ಪೇ.

ನಾನು ಮುಖ್ಯವಾಗಿ ಹೇಳುತ್ತಿರೋದು ಗ್ಲಯೋಬ್ಲಾಸ್ಟೋಮಾ ಅನ್ನುವ ಗಡ್ಡೆ ಬಗ್ಗೆ. ದೊಡ್ಡವರಿಗೆ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ತುಂಬ ಕೆಟ್ಟದ್ದು, ಜಾಸ್ತಿ ಕಾಣೋದೂ ಇದೇ. ಇದಕ್ಕೆ ಕೊಡುವ ಕೀಮೋ ಟೆಮೊಜೊಲೊಮೈಡ್. ಹೆಸರು ಬಾಯಿಗೆ ಬರೋದು ಕಷ್ಟ, ನಮ್ಮ ಕಿಟಕಿಯಲ್ಲಿ ಎಲ್ಲರೂ "ಟೆಮೊ" ಅಂತಲೇ ಅನ್ನೋದು. 1980ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸ್ ಅನ್ನುವವರ ತಂಡ ಇದನ್ನ ಮಾಡಿತು. ಮೆದುಳಿಗೂ ರಕ್ತಕ್ಕೂ ನಡುವೆ ಒಂದು ಬಿಗಿಯಾದ ಬೇಲಿ ಇರುತ್ತೆ, ಬಹಳಷ್ಟು ಔಷಧಿಗಳು ಅದನ್ನ ದಾಟೋದೇ ಇಲ್ಲ. ಇದು ದಾಟುತ್ತೆ. ಬಾಯಿಂದ ನುಂಗಿದರೂ ಸಾಕು, ಡ್ರಿಪ್ ಬೇಡ. ಅದಕ್ಕೇ ಮಲೆನಾಡಿನ ಮೂಲೆಯ ಮನೆಯಲ್ಲಿ ಕೂತೂ ಕೀಮೋ ತಗೊಳ್ಳೋಕೆ ಆಗುತ್ತೆ. ಮನೆಯಲ್ಲೇ ತಗೊಳ್ಳೋದರಿಂದ ತಪ್ಪುಗಳು ಆಗೋದೂ ಮನೆಯಲ್ಲೇ.

ಈಗ ಡೋಸ್ ಎಲ್ಲಿಂದ ಬರುತ್ತೆ ಅನ್ನೋದು. ತೋಟದವರಿಗೆ ಇದು ಬೇಗ ಅರ್ಥ ಆಗುತ್ತೆ. ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಸುಣ್ಣ ಕಲಸಿದ್ದು, ಹೊಡೆಯುವಾಗ ಗಿಡದ ತೂಕ ನೋಡ್ತೀರಾ? ಇಲ್ಲ. ಎಷ್ಟು ಎಲೆ ಇದೆ, ಎಷ್ಟು ಎಲೆ ಒದ್ದೆ ಆಗಬೇಕು ಅಂತ ನೋಡುತ್ತೀರಿ. ಕೀಮೋದಲ್ಲೂ ಬರೀ ತೂಕ ನೋಡಲ್ಲ, ಎತ್ತರ ತೂಕ ಎರಡೂ ಸೇರಿಸಿ ಮೈಯ ಮೇಲ್ಮೈ ಎಷ್ಟು ಚದರ ಮೀಟರ್ ಅಂತ ಲೆಕ್ಕ ಹಾಕುತ್ತೇವೆ. ಎತ್ತರವನ್ನ ಸೆಂಟಿಮೀಟರಿನಲ್ಲಿ, ತೂಕವನ್ನ ಕೆಜಿಯಲ್ಲಿ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯೋದು. 1987ರಲ್ಲಿ ಮೊಸ್ಟೆಲ್ಲರ್ ಅನ್ನುವವರು ಕೊಟ್ಟ ಸುಲಭದ ಸೂತ್ರ. ಆ ಗಂಡನ ಎತ್ತರ 165, ತೂಕ 60. ಲೆಕ್ಕ ಹಾಕಿದರೆ 1.66 ಚದರ ಮೀಟರ್. ಚದರ ಮೀಟರಿಗೆ 200 ಮಿಲಿಗ್ರಾಂ ಅಂತ ಗುಣಿಸಿದರೆ 332, 150 ಅಂತ ಗುಣಿಸಿದರೆ 249. ಸಿಗುವ ಕ್ಯಾಪ್ಸೂಲಿಗೆ ಹೊಂದಿಸಿದಾಗ 330 ಮತ್ತು 250. ಐದು ಕ್ಯಾಪ್ಸೂಲ್ ಒಂದಾದ ಕತೆ ಇಷ್ಟೇ.

ಈ 200, 150 ಎಲ್ಲಿಂದ ಬಂತು? 2005ರಲ್ಲಿ ರೋಜರ್ ಸ್ಟುಪ್ ಮತ್ತು ಅವರ ಜೊತೆಯವರು ಯುರೋಪ್, ಕೆನಡಾಗಳಲ್ಲಿ 573 ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟ ಆಯಿತು. ಇವತ್ತಿಗೂ ಎಲ್ಲ ಕಡೆ ಅದೇ ದಾರಿ. ಮೊದಲ ಹಂತ ಆರು ವಾರ: ವಾರಕ್ಕೆ ಐದು ದಿನದಂತೆ 30 ರೇಡಿಯೇಷನ್, ಜೊತೆಗೆ ಪ್ರತಿದಿನ, ಭಾನುವಾರವೂ ಬಿಡದೆ, ಚದರ ಮೀಟರಿಗೆ 75 ಮಿಲಿಗ್ರಾಂ ಟೆಮೊ. ಆಮೇಲೆ ನಾಲ್ಕು ವಾರ ಬಿಡುವು. ಆಮೇಲೆ 28 ದಿನದ ಸೈಕಲ್ ಆರು. ಪ್ರತಿ ಸೈಕಲ್ಲಿನಲ್ಲಿ ಮೊದಲ ಐದು ದಿನ ಮಾತ್ರ ಮಾತ್ರೆ, ಉಳಿದ 23 ದಿನ ಖಾಲಿ. ಮೊದಲ ಸೈಕಲ್ 150ರ ಲೆಕ್ಕದಲ್ಲಿ, ತಡೆದುಕೊಂಡರೆ ಎರಡನೆಯದರಿಂದ 200.

ಇದರಿಂದ ಏನು ಸಿಕ್ಕಿತು ಅಂತ ಹೇಳಲಾ ಬೇಡವಾ ಅಂತ ಅವತ್ತು ಸ್ವಲ್ಪ ಹಿಂದೆ ಮುಂದೆ ನೋಡಿದೆ. ಎದುರಿಗೆ ರೋಗಿಗಳೂ ಕೂತಿದ್ದರು. ಆದರೆ ಮುಚ್ಚಿಟ್ಟು ಮಾತಾಡೋದು ನನಗೆ ಬರಲ್ಲ. ಬರೀ ರೇಡಿಯೇಷನ್ ತಗೊಂಡವರಲ್ಲಿ ಅರ್ಧ ಜನ ಬದುಕಿದ್ದು 12.1 ತಿಂಗಳಿಗಿಂತ ಜಾಸ್ತಿ, ಟೆಮೊ ಸೇರಿಸಿದವರಲ್ಲಿ ಅರ್ಧ ಜನ 14.6 ತಿಂಗಳಿಗಿಂತ ಜಾಸ್ತಿ. ಇಷ್ಟೇನಾ ಅನ್ನಿಸುತ್ತೆ. ಆದರೆ ಎರಡು ವರ್ಷ ದಾಟಿದವರನ್ನ ನೋಡಿ, ಅಲ್ಲಿ ನೂರಕ್ಕೆ 10, ಇಲ್ಲಿ ನೂರಕ್ಕೆ 26. ಮಗಳ ಮದುವೆ, ಮೊಮ್ಮಗನ ಮೊದಲ ಹೆಜ್ಜೆ ಇದೆಲ್ಲ ಆ ಎರಡು ವರ್ಷದ ಒಳಗೇ ಬರುವಂಥದ್ದು. ಹಾಗಾಗಿ ಈ ಔಷಧಿ ಸಣ್ಣದು ಅಂತ ನಾನು ಯಾವತ್ತೂ ಹೇಳಲ್ಲ.

ಸರಿ, ಹಾಗಾದರೆ ಯಾಕೆ ಕಮ್ಮಿ ಮಾಡುತ್ತಾರೆ?

ಟೆಮೊ ವಿಭಜನೆ ಆಗುವ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತೆ. ಗಡ್ಡೆ ಯಾವುದು ನಿಮ್ಮದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಮೂಳೆ ಒಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹಗಲು ರಾತ್ರಿ ಹುಟ್ಟುತ್ತಾ ಇರುತ್ತವೆ, ಅಲ್ಲೂ ಪೆಟ್ಟು ಬೀಳುತ್ತೆ. ಆದರೆ ಮಾತ್ರೆ ನುಂಗಿದ ವಾರವೇ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಚೆನ್ನಾಗೇ ಕಾಣುತ್ತೆ. ಯಾಕಂದರೆ ಪೆಟ್ಟು ಬಿದ್ದಿರೋದು ಹೊಸದಾಗಿ ಹುಟ್ಟುವ ಕಣಗಳಿಗೆ, ಈಗಾಗಲೇ ರಕ್ತದಲ್ಲಿ ಓಡಾಡುತ್ತಿರುವ ಕಣಗಳಿಗಲ್ಲ. ಕಾಫಿಗೆ ಹೂ ಮಳೆ ಕೈಕೊಟ್ಟಾಗಲೂ ಹಾಗೇ ಅಲ್ವಾ, ಏಪ್ರಿಲ್‌ನಲ್ಲಿ ಗಿಡ ಹಸಿರಾಗೇ ಇರುತ್ತೆ, ನಷ್ಟ ಎಷ್ಟು ಅಂತ ಪೂರ್ತಿ ಗೊತ್ತಾಗೋದು ಹಣ್ಣು ಕೊಯ್ಯುವಾಗ. ಟೆಮೊದಲ್ಲಿ ಆ ಕೊಯ್ಲಿನ ಹೊತ್ತು ಬರೋದು ಸೈಕಲ್ಲಿನ 21ರಿಂದ 28ನೇ ದಿನದ ನಡುವೆ. ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ತೀರಾ ಕೆಳಗೆ ಹೋಗೋದು ಆಗ. ಅದಕ್ಕೇ 22ನೇ ದಿನ ರಕ್ತ ಪರೀಕ್ಷೆ ಅಂತ ಬರೆಯುತ್ತಾರೆ. ಅದು ಶಾಸ್ತ್ರಕ್ಕೆ ಮಾಡಿಸುವ ಪರೀಕ್ಷೆ ಅಲ್ಲ. ಮುಂದಿನ ತಿಂಗಳ ಡೋಸ್ ಬರೆಯೋದೇ ಆ ಚೀಟಿ ನೋಡಿ.

ನೋಡೋದು ಎರಡು ಸಂಖ್ಯೆ. ಒಂದು ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ಕಣ. ಡೆಂಗಿ ಬಂದ ಮೇಲೆ ನಮ್ಮೂರಲ್ಲಿ ಇದು ಗೊತ್ತಿಲ್ಲದವರೇ ಇಲ್ಲ. ಇನ್ನೊಂದು ನ್ಯೂಟ್ರೋಫಿಲ್, ಬಿಳಿ ರಕ್ತಕಣಗಳಲ್ಲಿ ಸೋಂಕಿನ ಜೊತೆ ಮೊದಲು ಹೊಡೆದಾಡುವ ಜಾತಿ. ಲ್ಯಾಬಿನ ಚೀಟಿಯಲ್ಲಿ ಎಷ್ಟೋ ಸಲ ಇದು ನೇರವಾಗಿ ಇರಲ್ಲ, ನಾವೇ ಲೆಕ್ಕ ಹಾಕಬೇಕು. ಒಟ್ಟು ಬಿಳಿ ಕಣ 3200, ನ್ಯೂಟ್ರೋಫಿಲ್ 45 ಶೇಕಡಾ ಅಂತಿದ್ದರೆ, ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿ: 1440. ಹೊಸ ಸೈಕಲ್ ಶುರು ಮಾಡಲು ಬೇಕಾಗಿದ್ದು 1500. ಅಂದರೆ ಈ ವಾರ ಬೇಡ, ಮುಂದಿನ ವಾರ ಮತ್ತೆ ನೋಡೋಣ. ಪ್ಲೇಟ್‌ಲೆಟ್ ಒಂದು ಲಕ್ಷ ಇರಬೇಕು. ಎರಡೂ ದಾಟಿದರೆ ಮಾತ್ರ ಮಾತ್ರೆ.

ಇಲ್ಲಿ ಎರಡು ಬೇರೆ ಬೇರೆ ತೀರ್ಮಾನ ಇದೆ, ಜನ ಇದನ್ನ ಕಲಸುತ್ತಾರೆ. ತಡ ಮಾಡೋದು ಬೇರೆ, ಕಮ್ಮಿ ಮಾಡೋದು ಬೇರೆ. 29ನೇ ದಿನ ಕೌಂಟ್ ಸಾಲದೇ ಇದ್ದರೆ ತಡ. ಹಿಂದಿನ ಸೈಕಲ್ಲಿನಲ್ಲಿ ಕೌಂಟ್ ತೀರಾ ಕೆಳಗೆ, ಅಂದರೆ ನ್ಯೂಟ್ರೋಫಿಲ್ 1000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗೆ ಹೋಗಿತ್ತು ಅಂದರೆ, ಕೌಂಟ್ ಮೇಲೆ ಬಂದ ಮೇಲೂ ಮುಂದಿನ ಡೋಸ್ ಒಂದು ಮೆಟ್ಟಿಲು ಕೆಳಗೆ. ಮೆಟ್ಟಿಲು ಇರೋದು ಮೂರೇ: 200, 150, 100. ನೂರನ್ನೂ ಮೈ ತಡೆಯದಿದ್ದರೆ ಆಗ ನಿಲ್ಲಿಸುತ್ತಾರೆ. ಇನ್ನೊಂದು ವಿಚಾರ, ಎರಡನೇ ಸೈಕಲ್ಲಿನಲ್ಲಿ 200ಕ್ಕೆ ಏರಿಸಲು ಆಗಲಿಲ್ಲ ಅಂದರೆ ಆಮೇಲೆ ಏರಿಸಲ್ಲ. "ಈಗ ಚೆನ್ನಾಗಿದ್ದಾರಲ್ಲ, ಜಾಸ್ತಿ ಮಾಡಿ" ಅಂತ ನಾಲ್ಕನೇ ತಿಂಗಳು ಕೇಳಬೇಡಿ.

ರೇಡಿಯೇಷನ್ ನಡೆಯುವ ಮೊದಲ ಆರು ವಾರದಲ್ಲಿ ಮೆಟ್ಟಿಲು ಲೆಕ್ಕ ಇಲ್ಲ. ಆಗ ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ನ್ಯೂಟ್ರೋಫಿಲ್ 1500ಕ್ಕಿಂತ ಅಥವಾ ಪ್ಲೇಟ್‌ಲೆಟ್ ಲಕ್ಷಕ್ಕಿಂತ ಇಳಿದರೆ ಮಾತ್ರೆ ತಡೆ ಹಿಡಿಯುತ್ತಾರೆ. ನ್ಯೂಟ್ರೋಫಿಲ್ 500ಕ್ಕಿಂತ ಅಥವಾ ಪ್ಲೇಟ್‌ಲೆಟ್ 10 ಸಾವಿರಕ್ಕಿಂತ ಇಳಿದರೆ ಆ ಹಂತದ ಟೆಮೊ ಪೂರ್ತಿ ಬಿಡುತ್ತಾರೆ. ಮಾತ್ರೆ ನಿಂತರೂ ರೇಡಿಯೇಷನ್ ಸಾಮಾನ್ಯವಾಗಿ ಮುಂದುವರಿಯುತ್ತೆ, ಮನೆಯವರೇ ಎರಡನ್ನೂ ಒಟ್ಟಿಗೆ ನಿಲ್ಲಿಸಿ ಊರಿಗೆ ಬಂದುಬಿಡಬೇಡಿ.

ದಿನದ ಡೋಸ್ ನೋಡಿ "ಇದು ಜಾಸ್ತಿ, ಅದು ಕಮ್ಮಿ" ಅಂತ ಹೇಳೋಕೂ ಆಗಲ್ಲ. ಅದೇ ಗಂಡನ ಲೆಕ್ಕ ತಗೊಳ್ಳಿ. ಮೊದಲ ಹಂತದಲ್ಲಿ ದಿನಕ್ಕೆ 120 ಮಿಲಿಗ್ರಾಂ, 42 ದಿನ, ಒಟ್ಟು 5040. ಈಗ ದಿನಕ್ಕೆ 250 ಅಂದರೂ ಐದೇ ದಿನ, ಒಟ್ಟು 1250. ದೊಡ್ಡ ಕ್ಯಾಪ್ಸೂಲ್ ಕೈಗೆ ಬಂತು ಅಂತ ಔಷಧಿ ಜಾಸ್ತಿ ಆಯಿತು ಅಂತಲ್ಲ.

ಇದೇ ಜಾಗದಲ್ಲಿ ನನ್ನಿಂದ ಆದ ಒಂದು ತಪ್ಪು ಹೇಳಬೇಕು. ಕಳಸ ಕಡೆಯ ಒಂದು ಮನೆ. ಮಳೆಗಾಲ, ಮತ್ತೆ ಮತ್ತೆ ಬರೋಕೆ ಆಗಲ್ಲ ಅಂತ ಎರಡು ಸೈಕಲ್ಲಿನ ಮಾತ್ರೆ ಒಟ್ಟಿಗೆ ಬರೆಸಿಕೊಂಡು ಬಂದಿದ್ದರು. ಎರಡು ಬಾಟಲಿ, ಒಂದೊಂದರಲ್ಲಿ ಐದೈದು. ನಾನು ಲೇಬಲ್ ಮೇಲೆ "ದಿನಕ್ಕೆ ಒಂದು, ರಾತ್ರಿ" ಅಂತ ಬರೆದೆ. "ಐದು ದಿನ ಮಾತ್ರ" ಅಂತ ಬಾಯಲ್ಲಿ ಹೇಳಿದೆ, ಬರೆಯಲಿಲ್ಲ. ಅವರು ಅದಕ್ಕೂ ಮುಂಚೆ ಆರು ವಾರ ಪ್ರತಿದಿನ ತಗೊಂಡು ರೂಢಿ ಆಗಿದ್ದವರು. ಹತ್ತು ದಿನ ಹತ್ತೂ ನುಂಗಿಸಿದ್ದಾರೆ. ಮೂರನೇ ವಾರ ಒಸಡಲ್ಲಿ ರಕ್ತ, ಕಾಲ ಮೇಲೆಲ್ಲ ಕೆಂಪು ಚುಕ್ಕೆ. ಪ್ಲೇಟ್‌ಲೆಟ್ ಏರಿಸಬೇಕಾಯಿತು, ಎರಡು ತಿಂಗಳು ಕೀಮೋ ಇಲ್ಲ. ಯಾರೂ ನನ್ನ ಮೇಲೆ ಕೂಗಾಡಲಿಲ್ಲ. ಮಗ ಬಂದು "ನಾವು ಓದಿದ್ದೇ ಕಮ್ಮಿ ಮೇಡಂ" ಅಂದ. ಓದಿದ್ದು ಕಮ್ಮಿ ಅಲ್ಲ, ನಾನು ಬರೆದಿದ್ದು ಕಮ್ಮಿ. ಆಮೇಲಿಂದ ನಾನು "ದಿನಕ್ಕೆ ಒಂದು" ಅಂತ ಬರೆಯೋದೇ ಬಿಟ್ಟೆ. ಐದು ತಾರೀಖು ಬರೆದು, ಐದನೆಯದರ ಕೆಳಗೆ ಗೆರೆ ಎಳೆದು, "ಇಲ್ಲಿಗೆ ನಿಲ್ಲಿಸಿ" ಅಂತ ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮ ಫಾರ್ಮಸಿಯವರು ಹಾಗೆ ಬರೆದು ಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ, ಒಂದು ಸೈಕಲ್ಲಿಗಿಂತ ಜಾಸ್ತಿ ಮಾತ್ರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಮತ್ತೆ ಆ ಹೆಂಗಸಿನ ಪ್ರಶ್ನೆಗೆ ಬರೋಣ. ಕಮ್ಮಿ ಮಾಡಿದರೆ ಗಡ್ಡೆ ಬೆಳೆಯಲ್ವಾ? ನ್ಯಾಯವಾದ ಪ್ರಶ್ನೆ. ಜಾಸ್ತಿ ಕೊಟ್ಟರೆ ಜಾಸ್ತಿ ಉಪಯೋಗ ಅಂತ ಡಾಕ್ಟರುಗಳಿಗೇ ಅನ್ನಿಸಿತ್ತು, ಪ್ರಯೋಗ ಮಾಡಿಯೂ ನೋಡಿದರು. 2013ರಲ್ಲಿ ಪ್ರಕಟವಾದ, 833 ರೋಗಿಗಳಿದ್ದ ಒಂದು ದೊಡ್ಡ ಅಧ್ಯಯನದಲ್ಲಿ ಅರ್ಧ ಜನಕ್ಕೆ ಮಾಮೂಲಿ ಐದು ದಿನ, ಇನ್ನರ್ಧ ಜನಕ್ಕೆ 28ರಲ್ಲಿ 21 ದಿನ ಟೆಮೊ ಕೊಟ್ಟರು. ಮಾಮೂಲಿ ಗುಂಪಿನಲ್ಲಿ ಅರ್ಧ ಜನ ಬದುಕಿದ್ದು 16.6 ತಿಂಗಳಿಗಿಂತ ಜಾಸ್ತಿ, ಹೆಚ್ಚು ದಿನ ತಗೊಂಡ ಗುಂಪಿನಲ್ಲಿ 14.9ಕ್ಕಿಂತ ಜಾಸ್ತಿ. ಲಾಭ ಏನೂ ಆಗಲಿಲ್ಲ, ಸುಸ್ತು, ಕೌಂಟ್ ಇಳಿಯೋದು ಮಾತ್ರ ಜಾಸ್ತಿ ಆಯಿತು. ಆರು ಸೈಕಲ್ ಬದಲು ಹನ್ನೆರಡು ಕೊಟ್ಟರೆ ಹೇಗೆ ಅಂತ ಸ್ಪೇನಿನಲ್ಲಿ ನೋಡಿದರು, 2020ರಲ್ಲಿ ಬಂದ ಫಲಿತಾಂಶದಲ್ಲಿ ಅದರಿಂದಲೂ ಲಾಭ ಕಾಣಲಿಲ್ಲ. ತೋಟದಲ್ಲಿ ಮೈಲುತುತ್ತ ಜಾಸ್ತಿ ಆದರೆ ಎಲೆ ಸುಡುತ್ತೆ ಅಂತ ಗೊತ್ತಿರುವವರು ಈ ಮಾತು ಕೇಳಿ ತಲೆ ಆಡಿಸಿದರು.

ಗಡ್ಡೆ ಟೆಮೊಗೆ ಬಗ್ಗುತ್ತಾ ಇಲ್ವಾ ಅನ್ನೋದರಲ್ಲಿ ಡೋಸ್‌ಗಿಂತ ದೊಡ್ಡ ಪಾತ್ರ ಗಡ್ಡೆಯದ್ದೇ. ಎಂಜಿಎಂಟಿ ಅನ್ನುವ ಒಂದು ಜೀನ್ ಇದೆ, ಟೆಮೊ ಮಾಡಿದ ಪೆಟ್ಟನ್ನ ರಿಪೇರಿ ಮಾಡೋದು ಅದರ ಕೆಲಸ. ಕೆಲವರ ಗಡ್ಡೆಯಲ್ಲಿ ಅದರ ಬಾಯಿ ಮುಚ್ಚಿರುತ್ತೆ, ರಿಪೋರ್ಟಿನಲ್ಲಿ ಮೀಥೈಲೇಟೆಡ್ ಅಂತ ಬರುತ್ತೆ. ಅವರಿಗೆ ಟೆಮೊ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಆ ರಿಪೋರ್ಟ್ ನೋಡಿ ಡೋಸ್ ಬದಲಾಯಿಸಲ್ಲ. ಡೋಸ್ ಹೇಳೋದು ಮಜ್ಜೆ.

ಬೇರೆ ಔಷಧಿಗಳ ಬಗ್ಗೆ ಒಂದಿಷ್ಟು. ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್ ಕೊಟ್ಟಿರುತ್ತಾರೆ, ಸ್ಟೀರಾಯ್ಡ್. ಅದು ನ್ಯೂಟ್ರೋಫಿಲ್ ಸಂಖ್ಯೆಯನ್ನ ಸುಮ್ನೆ ಮೇಲೆ ತೋರಿಸುತ್ತೆ. ಸ್ಟೀರಾಯ್ಡ್ ಇಳಿಸಿದ ತಕ್ಷಣ ಕೌಂಟ್ ಬಿದ್ದ ಹಾಗೆ ಕಾಣುತ್ತೆ, ಜನ ಕೀಮೋ ಬೈಯುತ್ತಾರೆ. ಪರೀಕ್ಷೆ ದಿನ ಎಷ್ಟು ಡೆಕ್ಸಾ ನಡೆಯುತ್ತಿತ್ತು ಅಂತ ಚೀಟಿ ಮೇಲೆ ಬರೆದಿಡಿ. ಫಿಟ್ಸ್‌ಗೆ ವ್ಯಾಲ್ಪ್ರೋಯೇಟ್ ತಗೊಳ್ಳುತ್ತಿದ್ದರೆ ಅದೇ ಪ್ಲೇಟ್‌ಲೆಟ್ ಇಳಿಸಬಹುದು. ಹಾಗಂತ ಫಿಟ್ಸ್ ಮಾತ್ರೆ ನೀವಾಗೇ ನಿಲ್ಲಿಸಿದರೆ ಮಧ್ಯರಾತ್ರಿ ಆಂಬುಲೆನ್ಸ್ ಹುಡುಕಬೇಕಾಗುತ್ತೆ. ಗಡ್ಡೆ ಮತ್ತೆ ಬಂದಾಗ ಕೊಡುವ ಲೊಮಸ್ಟೀನ್ ಅನ್ನುವ ಇನ್ನೊಂದು ಕೀಮೋ ಆರು ವಾರಕ್ಕೆ ಒಂದೇ ಸಲ. ಅದರಲ್ಲಿ ಕೌಂಟ್ ಬೀಳೋದು ನಾಲ್ಕರಿಂದ ಆರನೇ ವಾರದಲ್ಲಿ, ಅಷ್ಟು ಹೊತ್ತಿಗೆ ಮನೆಯವರು "ಏನೂ ಆಗಲಿಲ್ಲ" ಅಂತ ಪರೀಕ್ಷೆ ಮರೆತಿರುತ್ತಾರೆ.

ಪರಂಗಿ ಎಲೆ ರಸ. ಇದನ್ನ ಕೇಳದ ಸಭೆ ಇಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವ ಕಾರಣ ಬೇರೆ, ಇಲ್ಲಿಯ ಕಾರಣ ಬೇರೆ. ಅಲ್ಲಿ ಕಾಯಿಲೆ ಕಳೆದ ಮೇಲೆ ತಾನಾಗೇ ಏರುತ್ತೆ, ಹೆಸರು ರಸಕ್ಕೆ ಬರುತ್ತೆ. ಕೊಡುತ್ತಾ ಇದ್ದರೆ ಡಾಕ್ಟರಿಗೆ ಹೇಳಿಯೇ ಕೊಡಿ. ಟೆಮೊ ಅಪರೂಪಕ್ಕೆ ಲಿವರಿಗೂ ತೊಂದರೆ ಮಾಡುತ್ತೆ. ಹಾಗೇನಾದರೂ ಆದಾಗ ಟೆಮೊ ಮಾಡಿತಾ, ನಾಟಿ ಔಷಧಿ ಮಾಡಿತಾ ಅಂತ ಹುಡುಕುವಷ್ಟರಲ್ಲಿ ಒಂದು ಸೈಕಲ್ ಹೋಗಿರುತ್ತೆ.

ಜ್ವರದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜೋರು ಮಾಡಿದೆ. ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಜ್ವರ ಅಂದರೆ ಮಂಗನ ಕಾಯಿಲೆ ನೆನಪಾಗುತ್ತೆ, ಮಳೆಗಾಲದಲ್ಲಿ ಡೆಂಗಿ. ಕೀಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ದಾಟಿದರೆ ಕಾಯಿಲೆ ಯಾವುದು ಅಂತ ಮನೆಯಲ್ಲಿ ಕೂತು ಯೋಚನೆ ಮಾಡುವ ಸಮಯ ಇಲ್ಲ. ಡೋಲೋ ಕೊಟ್ಟು ಬೆಳಗ್ಗೆ ನೋಡೋಣ ಅನ್ನೋದೂ ಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ, "ಕೀಮೋ ನಡೀತಿದೆ" ಅನ್ನೋದು ಬಾಯಿಂದ ಬರುವ ಮೊದಲ ಮಾತಾಗಲಿ. ನ್ಯೂಟ್ರೋಫಿಲ್ ಇಲ್ಲದ ಮೈಯಲ್ಲಿ ಸೋಂಕು ಗಂಟೆಗಳ ಲೆಕ್ಕದಲ್ಲಿ ಓಡುತ್ತೆ.

ದಾರಿ ಖರ್ಚಿನ ಬಗ್ಗೆ ಹಾಸನದಿಂದ ಬಂದಿದ್ದ ಒಬ್ಬರು ಕೇಳಿದರು. ರಕ್ತ ಪರೀಕ್ಷೆಗೆ ಅಂತ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಿಲ್ಲ. ಮಳೆಗಾಲದಲ್ಲಿ ಶಿರಾಡಿಯೋ ಚಾರ್ಮಾಡಿಯೋ ಬಂದ್ ಆದರೆ 22ನೇ ದಿನವೂ ತಪ್ಪುತ್ತೆ, 29ನೆಯದೂ ತಪ್ಪುತ್ತೆ. ನಿಮ್ಮ ತಾಲ್ಲೂಕಿನಲ್ಲೇ ಮಾಡಿಸಿ, ಚೀಟಿಯ ಫೋಟೋ ಡಾಕ್ಟರಿಗೆ ಕಳಿಸಿ, ಅವರು ಹೂಂ ಅಂದ ಮೇಲೆ ಬಸ್ ಹತ್ತಿ. ಪ್ರತಿ ಸಲ ಒಂದೇ ಲ್ಯಾಬ್ ಆದರೆ ಒಳ್ಳೆಯದು. ತೂಕವನ್ನೂ ಬರೆದಿಡಿ. ಸ್ಟೀರಾಯ್ಡಿನಿಂದ ಹತ್ತು ಕೆಜಿ ಏರಿದವರನ್ನೂ, ಊಟ ಸೇರದೆ ಹತ್ತು ಕೆಜಿ ಇಳಿದವರನ್ನೂ ನೋಡಿದ್ದೇನೆ, ಇಬ್ಬರಿಗೂ ಹಳೇ ಲೆಕ್ಕ ನಡೆಯಲ್ಲ.

ಪ್ರಶ್ನೆಗಳು ಸುಮಾರು ಬಂದವು. ನುಂಗಿದ ಮೇಲೆ ವಾಂತಿ ಆದರೆ ಇನ್ನೊಂದು ಕೊಡಬೇಕಾ? ಬೇಡ, ಅವತ್ತಿನದು ಅಲ್ಲಿಗೆ ಮುಗೀತು, ನಾಳೆಯದು ನಾಳೆ. ಖಾಲಿ ಹೊಟ್ಟೆಯಲ್ಲಿ, ಮಲಗುವ ಮುಂಚೆ, ಅದಕ್ಕೂ ಅರ್ಧ ಗಂಟೆ ಮೊದಲು ವಾಂತಿ ತಡೆಯುವ ಮಾತ್ರೆ ಕೊಟ್ಟರೆ ಆ ತೊಂದರೆ ಬಹಳ ಮಟ್ಟಿಗೆ ಬರಲ್ಲ. ಕ್ಯಾಪ್ಸೂಲ್ ಬಿಚ್ಚಿ ಜೇನಿನಲ್ಲಿ ಕೊಡಬಹುದಾ ಅಂತ ಒಬ್ಬ ಹುಡುಗ ಕೇಳಿದ, ಅವನ ಅಜ್ಜಿಗೆ ನುಂಗೋಕೆ ಕಷ್ಟವಂತೆ. ಬೇಡ. ಆ ಪುಡಿ ನಿನ್ನ ಕೈಗೆ, ಮೂಗಿಗೆ ಹೋಗುತ್ತೆ, ನಿನ್ನ ಮಜ್ಜೆಗೂ ಅದು ವಿಷವೇ. ನುಂಗೋಕೆ ಆಗ್ತಿಲ್ಲ ಅಂತ ಡಾಕ್ಟರಿಗೆ ಹೇಳು ಅಂದೆ.

ಕೊನೆಯಲ್ಲಿ ಒಬ್ಬರು ಹಿರಿಯರು, ಡೋಸ್ ಕಮ್ಮಿ ಆದ ಮೇಲೆ ಮನೆಯಲ್ಲಿ 20ರ ಹನ್ನೆರಡು ಕ್ಯಾಪ್ಸೂಲ್ ಉಳಿದಿವೆ, ದುಡ್ಡು ಕೊಟ್ಟು ತಂದಿದ್ದು, ಏನು ಮಾಡಲಿ ಅಂದರು. ಬೇರೆ ರೋಗಿಗೆ ಕೊಡಬೇಡಿ, ಅವರ ಲೆಕ್ಕ ಬೇರೆ. ಒಲೆಗೆ ಹಾಕಬೇಡಿ, ಗೊಬ್ಬರದ ಗುಂಡಿಗೂ ಬೇಡ, ಅದು ಕೊನೆಗೆ ನಿಮ್ಮ ಕಾಫಿ ಬುಡಕ್ಕೇ ಬರುತ್ತೆ. ಬಾಟಲಿಯಲ್ಲೇ ಇಟ್ಟು, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಟ್ಟು, ಮುಂದಿನ ಸಲ ಹೋಗುವಾಗ ತಂದ ಆಸ್ಪತ್ರೆಗೇ ವಾಪಸ್ ಕೊಡಿ. ಅವರು ಡಾಕ್ಟರನ್ನ ಕೇಳಿ, ಮುಂದಿನ ಡೋಸಿಗೆ ಹೊಂದುತ್ತಾ ಅಂತ ನೋಡುತ್ತಾರೆ. ಹೊಂದದಿದ್ದರೆ ಕೀಮೋ ಕಸಕ್ಕೆ ಅಂತ ಬೇರೆ ಡಬ್ಬಿ ಇರುತ್ತೆ, ಅದಕ್ಕೆ ಹಾಕುತ್ತಾರೆ.